ಗೊರಕೆಗೆ ಓಣಿಯ ಸಾಕ್ಷಿ

ಗುರುವಾರ ಬೆಳಿಗ್ಗೆ ಹತ್ತೂವರೆಗೆ ವಿಮಾ ಕಂಪನಿಯ ತನಿಖೆಗಾರ ಜೈಭೀಮ ಅತನೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಬೈಕು ನಿಲ್ಲಿಸಿದ. ಆತ ವಿಚಾರಿಸಬೇಕಾಗಿದ್ದ ರೋಗಿ ಗುರುಶಾಂತ ಆ ಹೊತ್ತಿನಲ್ಲಿ ಊರಲ್ಲಿರಲಿಲ್ಲ.

ಗುರುಶಾಂತ ಅಫಜಲಪುರದ ಖಾಸಗಿ ಶಾಲೆಯೊಂದರ ಬಸ್ ಚಾಲಕ. ವಯಸ್ಸು ಐವತ್ತೊಂದು. ಕತ್ತು ಗಿಡ್ಡ, ಹೊಟ್ಟೆ ದೊಡ್ಡದು. ಮಲಗಿದರೆ ಅವನ ಗೊರಕೆ ಕಬ್ಬು ಹೇರಿದ ಟ್ರ್ಯಾಕ್ಟರ್ ದಿಬ್ಬ ಹತ್ತಿದಂತೆ ಏರುತ್ತಿತ್ತು, ತುದಿ ಮುಟ್ಟಿ ಒಮ್ಮೆಲೇ ಬಂದ್ ಬೀಳುತ್ತಿತ್ತು. ಅದರ ಜೊತೆ ಉಸಿರೂ ನಿಲ್ಲುತ್ತಿತ್ತು. ಹೆಂಡತಿ ವಿದ್ಯಾವತಿ ಮೊಣಕೈಯಿಂದ ತಿವಿದರೆ ಮತ್ತೆ ಸ್ಟಾರ್ಟ್. ರಾತ್ರಿಯೆಲ್ಲ ಹೀಗೆ ನಡೆಯುತ್ತಿದ್ದುದರಿಂದ ಹಗಲು ಅವನು ಕೂತಲ್ಲೇ ತೂಕಡಿಸುತ್ತಿದ್ದ. ಆಗಸ್ಟ್‌ನಲ್ಲಿ ಒಂದು ದಿನ ಸ್ಟಾಪಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಮಕ್ಕಳಿಗಾಗಿ ಕಾಯುತ್ತ, ಸ್ಟೇರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೋದ. ಮೂರನೇ ತರಗತಿಯ ಮಕ್ಕಳು ಹಾರ್ನ್ ಒತ್ತಿ ಎಬ್ಬಿಸಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಶಾಲೆಯ ಮ್ಯಾನೇಜರು ಕೀಲಿಕೈ ಇಸಿದುಕೊಂಡು ಅವನನ್ನು ಗೇಟ್ ಕಾಯಲು ಕೂರಿಸಿದರು.

ಕಲಬುರಗಿಯ ಡಾಕ್ಟರು ಒಂದು ರಾತ್ರಿ ತಲೆ ಎದೆಗೆಲ್ಲ ವೈರು ಅಂಟಿಸಿ ಮಲಗಿಸಿ, ಇದು ಸ್ಲೀಪ್ ಆ್ಯಪ್ನಿಯಾ, ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ ಎಂದರು. ಔಷಧಿ ಇಲ್ಲ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗಬೇಕು, ಸಿಪ್ಯಾಪ್ ಎಂಬ ಸಣ್ಣ ಮಷಿನ್ ರಾತ್ರಿಯಿಡೀ ಗಾಳಿ ತಳ್ಳುತ್ತದೆ. ಡಿಸೆಂಬರ್ ಮುಗಿಯುವುದರೊಳಗೆ ಮಷಿನ್ ಬಳಸಿ ಡಾಕ್ಟರಿಂದ ಫಿಟ್ ಅನ್ನಿಸಿಕೊಂಡು ಬಂದರೆ ಸ್ಟೇರಿಂಗ್, ಇಲ್ಲವಾದರೆ ಬದಲಿ ಡ್ರೈವರೇ ಕಾಯಂ ಎಂದರು ಮ್ಯಾನೇಜರು. ಮಷಿನ್ನಿನ ದರ ಕೇಳಿದಾಗ ಗುರುಶಾಂತನ ಉಸಿರು ಎಚ್ಚರದಲ್ಲೇ ನಿಂತಿತು.

ಉಳಿದದ್ದು ಎರಡು ದಾರಿ. ಒಂದು ಸರಕಾರದ ಆರೋಗ್ಯ ಕಾರ್ಡು. ಇನ್ನೊಂದು, ಶಾಲೆಯವರು ಸಿಬ್ಬಂದಿಗೆಲ್ಲ ಸೇರಿ ಮಾಡಿಸಿದ್ದ ಖಾಸಗಿ ವಿಮೆ. ಮನೆಯಲ್ಲಿ ಬಳಸುವ ಉಪಕರಣಕ್ಕೆ ಹಣ ಕೊಡುವ ಷರತ್ತು ಎಲ್ಲ ಪಾಲಿಸಿಗಳಲ್ಲಿ ಇರುವುದಿಲ್ಲ, ಇದರಲ್ಲಿತ್ತು. ಅರ್ಜಿ ಹಾಕಿ ಒಂದು ತಿಂಗಳಾದರೂ ಕಂಪನಿ ಮಾತಾಡದ್ದರಿಂದ ಅವತ್ತು ಗುರುಶಾಂತ ಕಾರ್ಡು ಹಿಡಿದು ಸರಕಾರಿ ದವಾಖಾನೆಗೆ ಹೋಗಿದ್ದ.

ಅಲ್ಲಿ ಸಾಲಿನ ಬೆಂಚಿನ ಮೇಲೆ ಕೂತವನಿಗೆ ನಿದ್ದೆ ಹತ್ತಿತು. ಗೊರಕೆ ಏರಿ ಒಮ್ಮೆಲೇ ನಿಂತಾಗ ಪಕ್ಕದ ಮುದುಕಿ, "ಅಯ್ಯೋ, ಹೋದ್ನಲ್ರೇಪಾ!" ಎಂದು ಕೂಗಿದಳು. ನಾಲ್ಕು ಮಂದಿ ಅವನನ್ನು ಎತ್ತಿ ಕೌಂಟರಿನ ಮುಂದೆ ತಂದು ನಿಲ್ಲಿಸಿದರು. ಅವನ ಪಾಳಿ ಅಷ್ಟು ಬೇಗ ಬಂದದ್ದು ಹಾಗೆ.

"ಅಡ್ಮಿಟ್ ಆದ್ರ ಕಾರ್ಡ್ ನಡೀತದ್ರಿ. ಮನಿಗಿ ಒಯ್ಯೂ ಮಷಿನ್ ಇದ್ರಾಗ ಬರಂಗಿಲ್ಲ" ಎಂದ ಕೌಂಟರಿನವನು.

"ಹಂಗಾರ ಅಡ್ಮಿಟ್ ಮಾಡ್ಕೋರಿ. ದಿನಾ ಉಂಡು ಬಂದು ಇಲ್ಲೇ ಮಲಗ್ತೇನಿ."

"ಇದು ದವಾಖಾನಿ ಅದ ಕಾಕಾ, ಲಾಡ್ಜ್ ಅಲ್ಲ."

ಇತ್ತ ಅತನೂರಿನಲ್ಲಿ ಜೈಭೀಮ ಕೆಲಸ ಶುರು ಮಾಡಿದ್ದ. ವಿಮೆಯಲ್ಲಿ ಮಷಿನ್ ತೆಗೆದುಕೊಂಡು ಮಾರಿಕೊಳ್ಳುವವರಿದ್ದಾರೆ ಎಂಬುದು ಕಂಪನಿಯ ಅನುಮಾನ. ಆದ್ದರಿಂದ ತಾನು ಯಾರೆಂದು ಹೇಳದೆ ಮೊದಲು ನೆರೆಯವರನ್ನು ಕೇಳಬೇಕೆಂಬುದು ಅವನಿಗಿದ್ದ ಅಪ್ಪಣೆ. ಇಸ್ತ್ರಿ ಅಂಗಿ, ಬೂಟು, ಹೆಗಲಿಗೊಂದು ಬ್ಯಾಗು. ಹೀರಾಬಾಯಿಯ ಕಿರಾಣಿ ಅಂಗಡಿಯಲ್ಲಿ ಒಂದು ಬಿಸ್ಕತ್ ಪ್ಯಾಕ್ ಕೊಂಡು ಕೇಳಿದ:

"ಬಾಯಾರ, ಗುರುಶಾಂತ ಅವರ ಮನಿ ಮಂದಿ ಹ್ಯಾಂಗರಿ?"

ಈ ಸೀಮೆಯಲ್ಲಿ ಬೀಗತನಕ್ಕೆ ಮೊದಲು ಗಂಡಿನ ಕಡೆಯವರು ಹೆಣ್ಣಿನ ಮನೆಗೆ ನೇರ ಹೋಗುವುದಿಲ್ಲ. ಯಾರನ್ನಾದರೂ ಸುಮ್ಮನೆ ಓಣಿಗೆ ಕಳಿಸಿ, ಅಂಗಡಿಯಲ್ಲಿ ಏನಾದರೂ ಕೊಂಡು, ಮನೆತನ ವಿಚಾರಿಸುತ್ತಾರೆ. ಗುರುಶಾಂತನ ಮಗಳು ಭಾಗ್ಯಜ್ಯೋತಿಗೆ ಜೇವರ್ಗಿಯ ಮನೆಯೊಂದರಿಂದ ಮಾತು ಬಂದಿರುವುದು ಓಣಿಗೆಲ್ಲ ಗೊತ್ತಿತ್ತು. ಹುಡುಗ ಸಿದ್ದಲಿಂಗನಿಗೆ ಅಲ್ಲಿ ಮೊಬೈಲ್ ಅಂಗಡಿ. ಬೂಟು ನೋಡಿದ ಕೂಡಲೇ ಹೀರಾಬಾಯಿ ಇವನು ಹುಡುಗನ ದೋಸ್ತನೆಂದು ತೀರ್ಮಾನಿಸಿದಳು.

"ಬಂಗಾರದಂಥ ಮಂದಿರಿ" ಎಂದಳು.

"ಆರೋಗ್ಯ?"

"ಗುರುಶಾಂತಂದು? ಕಲ್ಲ ಅರಗಿಸ್ಕೊಂತಾನ."

"ನಿದ್ದಿ ಬರೋಬ್ಬರಿ ಮಾಡ್ತಾರೇನ್ರಿ?"

ಇಷ್ಟು ಒಳಹೊಕ್ಕು ಕೇಳುವ ಬೀಗರನ್ನು ಹೀರಾಬಾಯಿ ಕಂಡಿರಲಿಲ್ಲ. ಆದರೂ ಸೋಲಲಿಲ್ಲ. "ಕೂಸಿನಂಗ ಮಲಗ್ತಾನ್ರಿ. ಒಮ್ಮೊಮ್ಮೆ ಉಸಿರು ಸೈತ ಕೇಳಂಗಿಲ್ಲ."

ಜೈಭೀಮ ಮುಂದೆ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ವೆಲ್ಡಿಂಗ್ ಅಂಗಡಿಯ ಸಲಾವುದ್ದೀನ ಗ್ರೈಂಡರ್ ಬಂದ್ ಮಾಡಿ ತಾನಾಗಿಯೇ ಎದ್ದು ಬಂದ.

"ಗುರುಶಾಂತ ಭಾಯಿ ಬಾಬತ್ತಾ? ಗೊರಕಿ? ತೋಬಾ ತೋಬಾ! ನಮ್ಮ ಗ್ವಾಡಿಗಿ ಗ್ವಾಡಿ ಹತ್ತೇದ ಸಾಬ್, ಒಂದ ಆವಾಜ್ ಕೇಳಿಲ್ಲ."

ನಿವೃತ್ತ ಪೋಸ್ಟ್‌ಮನ್ ಮಲ್ಕಪ್ಪ ಅದಕ್ಕೂ ಮೇಲೆ ಹೋದ. "ಔಷಧಿ ಅಂಗಡಿ ದಾರಿ ಸೈತ ಅವಗ ಗೊತ್ತಿಲ್ಲ. ಬೇಕಾರ ಬರದು ಕೊಡ್ತೇನಿ."

ಬರೆದೂ ಕೊಟ್ಟ.

ಮಧ್ಯಾಹ್ನ ಊರಿಗೆ ಬಂದು ಬಸ್ಸಿಳಿದ ಗುರುಶಾಂತನ ಫೋನು ಹೊಡೆದುಕೊಂಡಿತು. ತಾನು ವಿಮಾ ಕಂಪನಿಯವನೆಂದೂ, ವಿಚಾರಣೆ ಮುಗಿಯಿತೆಂದೂ, ರೋಗ ಇದ್ದಂತೆ ಕಾಣುವುದಿಲ್ಲವೆಂದೂ ಜೈಭೀಮ ಹೇಳಿದ. ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲೇ ಊಟಕ್ಕೆ ಕೂತಿದ್ದ. ಗುರುಶಾಂತ ಓಡಿ ಹೋಗಿ ಅವನೆದುರು ಕೂತ.

"ಸಾಹೇಬ್ರ, ಡಾಕ್ಟರ್ ರಿಪೋರ್ಟ್ ಅದ ಅಲ್ರಿ!"

"ರಿಪೋರ್ಟ್ ಒಂದು ಹೇಳ್ತದ, ಓಣಿ ಇನ್ನೊಂದು ಹೇಳ್ತದ. ಕಂಪನಿ ಓಣಿ ಮಾತು ಹಿಡೀತದ್ರಿ." ಜೈಭೀಮ ರೊಟ್ಟಿ ಮುರಿದ. ಎದುರಿನವನ ಮುಖ ನೋಡಿ ಸ್ವಲ್ಪ ಕರಗಿದ. "ಮರು ವಿಚಾರಣಿಗಿ ಒಂದು ಅವಕಾಶ ಅದ. ಈಗ ಹೇಳಿದವರನ್ನ ನಾನೇ ಮತ್ತ ಕೇಳಂಗಿಲ್ಲ. ಇಲ್ಲೇ ಮಣ್ಣೂರ ಕಡೆ ನಮ್ಮ ಇನ್ನೊಬ್ಬ ಅಧಿಕಾರಿ ಇದ್ದಾರ. ಅವರಿಗಿ ಫೋನ್ ಮಾಡ್ತೇನಿ. ನಾಲ್ಕರೊಳಗ ಬರ್ತಾರ."

ಗುರುಶಾಂತ ನೆಟ್ಟಗೆ ಹೀರಾಬಾಯಿಯ ಅಂಗಡಿಗೆ ಬಂದು ನೆರೆಯವರನ್ನೆಲ್ಲ ಸೇರಿಸಿದ.

"ಏನ್ ಮಾಡಿದ್ರಿ ಮಾರಾಯ್ರ! ಅಂವ ವಿಮಾ ಕಂಪನಿಯವ!"

"ಹಂಗಂತ ಹಣಿ ಮ್ಯಾಲ ಬರ್ಕೊಂಡು ಬಂದಿದ್ನೇನು?" ಹೀರಾಬಾಯಿ ತಿರುಗಿಬಿದ್ದಳು. "ನಿನ್ನ ಮಗಳ ಸಂಬಂಧ ಸುಳ್ಳ ಹೇಳಿ ನಾ ಪಾಪ ಕಟ್ಕೊಂಡೆ. ಇಪ್ಪತ್ತು ವರ್ಷ ಆತು, ನಿನ್ನ ಗೊರಕಿಗಿ ನನ್ನ ಬರಣಿ ನಡಗತಾವ."

"ಅದನ್ನೇ ಹೇಳ್ರಿ! ಈಗ ಯಾರರ ಹೊಸಬರು ಬಂದು ಕೇಳಿದ್ರ ಖರೇ ಹೇಳ್ರಿ. ಜರಾ ಜಾಸ್ತಿ ಆದ್ರೂ ನಡೀತದ."

ಮೂರು ಗಂಟೆ ದಾಟಿದ ಮೇಲೆ ಆಟೋದಿಂದ ಒಬ್ಬ ಹೆಂಗಸು ಇಳಿದಳು. ಕನ್ನಡಕ, ಇಳಕಲ್ ಸೀರೆ, ಕೈಯಲ್ಲಿ ಚರ್ಮದ ಬ್ಯಾಗು. ಅಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆ ಕೊಂಡು, "ಗುರುಶಾಂತ ಅನ್ನವರ ಮನಿ..." ಎಂದು ಮಾತು ತೆಗೆದಳು.

ಅಷ್ಟೇ ಸಾಕಾಯಿತು.

"ಗೊರಕಿ ಅಲ್ರಿ ಅದು, ಭೂಕಂಪ!" ಎಂದಳು ಹೀರಾಬಾಯಿ. "ಬೆಳತನಕ ಓಣಿಗಿ ಓಣಿ ಎದ್ದು ಕುಂದರ್ತದ."

"ಮೇಡಂ, ನನ್ನ ಗ್ರೈಂಡರ್ ಅವನ ಮುಂದ ಶರಮ್ ಪಡ್ತದ" ಎಂದ ಸಲಾವುದ್ದೀನ. "ನಡು ನಡು ದಮ್ ನಿಂತು ಹೋಗ್ತದ. ದಿನಾ ಬೆಳಗಿನಾಗ ಎದ್ದಾನೋ ಇಲ್ಲೋ ಅಂತ ನೋಡೇ ನಾನು ದುಕಾನ್ ತೆಗೀತೇನಿ."

ಮಲ್ಕಪ್ಪ ತಾನು ಮುಂಜಾನೆ ಬರೆದುಕೊಟ್ಟದ್ದು ತಪ್ಪೆಂದು ಮತ್ತೊಂದು ಚೀಟಿ ಬರೆಯತೊಡಗಿದ. "ಒಂದ್ ಸಲ ಸ್ಟೇರಿಂಗ್ ಮ್ಯಾಲೇ ಮಲಗಿದ್ದ. ಅದೂ ಹಾಕ್ಲೇನು?"

"ಅದೊಂದು ಬಿಡು ಮಾರಾಯ" ಎಂದ ಗುರುಶಾಂತ.

ಹೆಂಗಸು ಕನ್ನಡಕ ಸರಿಪಡಿಸಿಕೊಂಡು, "ಇವರೇ ಗುರುಶಾಂತ ಏನ್ರಿ? ಇಷ್ಟೆಲ್ಲ ಖರೇ ಏನು?" ಎಂದಳು.

ಇನ್ನೂ ನಂಬಿಕೆ ಬಂದಿಲ್ಲವೆಂದು ಗುರುಶಾಂತನಿಗೆ ಹೆದರಿಕೆಯಾಯಿತು. ಅಂಗಡಿ ಮುಂದಿನ ಹೊರಸಿನ ಮೇಲೆ ಅಂಗಾತ ಮಲಗಿ, "ಮೇಡಂ, ಸ್ವಲ್ಪ ಹೊತ್ತು ಕುಂದರ್ರಿ, ಕಣ್ಣಾರೆ ನೋಡ್ರಿ" ಎಂದ. ಗೊರಕೆಯ ನಟನೆ ಮಾಡಬೇಕೆಂದಿದ್ದ. ಅದರ ಅಗತ್ಯ ಬೀಳಲಿಲ್ಲ. ಬೆಳಿಗ್ಗೆಯಿಂದ ಓಡಾಡಿದ ದೇಹ ಹೊರಸು ಮುಟ್ಟಿದ್ದೇ ತಡ, ಟ್ರ್ಯಾಕ್ಟರ್ ದಿಬ್ಬ ಹತ್ತಿತು. ಅಂಗಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಜಾಗ ಬದಲಿಸಿತು. ತುದಿಯಲ್ಲಿ ಗೊರಕೆ ನಿಂತಾಗ ಓಣಿಯೇ ಉಸಿರು ಹಿಡಿಯಿತು. ಸಲಾವುದ್ದೀನ ರೂಢಿಯಂತೆ ಹೊರಸಿನ ಕಾಲಿಗೆ ಒದ್ದ, ಮತ್ತೆ ಶುರುವಾಯಿತು.

ಆ ಹೊತ್ತಿಗೆ ಸರಿಯಾಗಿ ಜೈಭೀಮನ ಬೈಕು ಬಂದು ನಿಂತಿತು. ಮಣ್ಣೂರಿನ ಅಧಿಕಾರಿ ತಮ್ಮ ಗಾಡಿ ಪಂಕ್ಚರಾಗಿದೆ, ನೀನೇ ಮುಗಿಸು ಎಂದು ಹೇಳಿದ್ದರು. ಅವನು ಹೊರಸಿನ ಬಳಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಎರಡು ಸಲ ಉಸಿರು ನಿಂತದ್ದು ಸ್ಪಷ್ಟವಾಗಿ ಬಂತು. ಗುರುಶಾಂತನನ್ನು ಅಲುಗಾಡಿಸಿ ಎಬ್ಬಿಸಿದ.

"ಏಳ್ರಿ. ಇದಕ್ಕಿಂತ ಪುರಾವೆ ಬ್ಯಾಡ. ನಾನು ಮಂಜೂರಿಗಿ ಬರೀತೇನಿ."

"ಇಪ್ಪತ್ತು ವರ್ಷದ ರೋಗ ಅಂತನೂ ಹಾಕ್ಕೋರಿ" ಎಂದಳು ಹೀರಾಬಾಯಿ ಉತ್ಸಾಹದಿಂದ. ಹಳೆಯ ರೋಗವೆಂದು ತಳ್ಳಿಹಾಕಿಯಾರೆಂದು ಗುರುಶಾಂತ ಬೆವತ.

"ಇದು ಗ್ರೂಪ್ ಪಾಲಿಸಿ, ಹಳೇ ರೋಗನೂ ನಡೀತದ" ಎಂದ ಜೈಭೀಮ. "ಆದ್ರ ಇನ್ನ ಐದು ವರ್ಷ ಎರಡನೇ ಮಷಿನ್ ಸಿಗಂಗಿಲ್ಲ, ಜತನ ಮಾಡ್ರಿ." ಬೈಕು ಹತ್ತಿ ಹೊರಟೇಹೋದ.

ಗುರುಶಾಂತ ಆನಂದದಿಂದ ಹೆಂಗಸಿನತ್ತ ತಿರುಗಿ ಕೈಮುಗಿದ. "ನಿಮ್ಮ ಉಪಕಾರ ಮರೆಯಂಗಿಲ್ಲ ಮೇಡಂ. ನೀವೂ ಕಂಪನಿಗಿ ಇದನ್ನೇ ಹೇಳ್ರಿ."

"ಯಾವ ಕಂಪನಿರಿ? ನಾ ಗುರುಬಾಯಿ. ಜೇವರ್ಗಿಯಾಕಿ. ಸಿದ್ದಲಿಂಗನ ತಾಯಿ."

ಹೀರಾಬಾಯಿ ತಕ್ಕಡಿಯ ಹಿಂದೆ ಕೂತುಬಿಟ್ಟಳು. ಸಲಾವುದ್ದೀನನ ಅಂಗಡಿಯಲ್ಲಿ ಗ್ರೈಂಡರ್ ಮತ್ತೆ ಶುರುವಾಯಿತು. ಮಲ್ಕಪ್ಪ ಚೀಟಿಯನ್ನು ಮಡಚಿ ಬಾಯಿಗೆ ಹಾಕಿಕೊಳ್ಳುವುದೊಂದು ಬಾಕಿ.

ಗುರುಬಾಯಿಯನ್ನು ಮನೆಗೆ ಕರೆಯದೆ ಬೇರೆ ದಾರಿಯಿರಲಿಲ್ಲ. ವಿಷಯ ಕೇಳಿದ ವಿದ್ಯಾವತಿ ಗಂಡನತ್ತ ನೋಡಿದ ನೋಟಕ್ಕೆ ಒಲೆಯಿಲ್ಲದೆ ಚಹಾ ಕುದಿಯುತ್ತಿತ್ತು. ಗುರುಬಾಯಿ ನಿಧಾನವಾಗಿ ಬಸಿ ತುಂಬ ಚಹಾ ಕುಡಿದು, ಬಾಯಿ ಒರೆಸಿಕೊಂಡು ಹೇಳಿದಳು:

"ನಮಗ ಒಪ್ಪಿಗಿ ಅದರಿ."

ವಿದ್ಯಾವತಿ ಖಾಲಿ ಬಸಿಗೆ ಮತ್ತೆ ಚಹಾ ಸುರಿದಳು.

"ನಮ್ಮ ಯಜಮಾನ್ರು ಕಲ್ಯಾಣಪ್ಪನವ್ರಿಗೂ ಇದೇ ರೋಗ" ಎಂದಳು ಗುರುಬಾಯಿ. "ನಮ್ಮ ಮನಿ ತಗಡಿಂದು. ಅವರು ಮಲಗಿದ್ರ ತಗಡು ತಾಳ ಹಾಕ್ತದ. ಎರಡು ಕಡೆ ಹುಡುಗಿ ಒಪ್ಪಿದ್ರು. ಅವರ ಕಡೆಯವರು ಮನಿ ನೋಡಾಕ ಬಂದು ಒಂದ ರಾತ್ರಿ ಇದ್ದು, ಬೆಳಗಾಗೂದ್ರಾಗ ಚಪ್ಪಲಿ ಹಾಕ್ಕೊಂಡ್ರು. ಇದ್ರಾಗೇ ಹುಟ್ಟಿ ಬೆಳದ ಹುಡುಗಿ ನಮಗ ಇನ್ನೆಲ್ಲಿ ಸಿಗಬೇಕ್ರಿ?"

ವಿದ್ಯಾವತಿ ಓಡಿ ಹೋಗಿ ಬಾಯಿ ಸಿಹಿ ಮಾಡಲು ಸಕ್ಕರೆ ತಂದಳು. ಗುರುಶಾಂತನಿಗೆ ಕಣ್ಣು ತುಂಬಿತು. ಒಂದೇ ದಿನದಲ್ಲಿ ಮಷಿನ್ನೂ ಮಂಜೂರು, ಮಗಳ ಮದುವೆಯೂ ಮಂಜೂರು.

"ನನ್ನೂ ಒಂದು ಮಾತು ಕೇಳ್ರಿ" ಎಂದು ಭಾಗ್ಯಜ್ಯೋತಿ ಒಳಗಿನಿಂದ ಬಂದಳು. ಬಿ.ಎಡ್. ಓದುತ್ತಿದ್ದವಳು, ಪರೀಕ್ಷೆಯ ದಿನಗಳಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡೇ ಓದಿದವಳು. "ಹುಡುಗ ನನಗ ಒಪ್ಪಿಗಿ. ಅತ್ತಿಯವರೂ ಒಪ್ಪಿಗಿ. ಆದ್ರ ಇಲ್ಲಿ ಇಪ್ಪತ್ಮೂರು ವರ್ಷ ಕೇಳಿದ್ದನ್ನ ಅಲ್ಲಿ ಹೋಗಿ ಇನ್ನ ಇಪ್ಪತ್ಮೂರು ವರ್ಷ ಕೇಳೂದು ನನ್ನ ಕೈಲಿ ಆಗಂಗಿಲ್ಲ. ಆ ಮಷಿನ್ ನನ್ನ ಜೋಡಿ ಬರ್ತದ."

"ಬೇ ಜ್ಯೋತಿ! ಅದು ನನ್ನ ಸ್ಟೇರಿಂಗ್!" ಎಂದ ಗುರುಶಾಂತ.

"ಅಪ್ಪಾ, ನಿನಗ ತಿವಿಲಾಕ ಅವ್ವ ಇದ್ದಾಳ. ಅಲ್ಲಿ ಅತ್ತಿಯವರಿಗಿ ತಿವಿದು ಕೈನೋವು ಬಂದಿರಬೇಕು."

"ಹೌದವ್ವಾ" ಎಂದು ಗುರುಬಾಯಿ ಮೊಣಕೈ ಸವರಿಕೊಂಡಳು. "ಮೂವತ್ತು ವರ್ಷ ತಿವಿದು ತಿವಿದು ಸವದು ಹೋಗೇದ."

"ಆದ್ರ ಮಷಿನ್ ನನ್ನ ಹೆಸರಿಲೆ ಅದ ಅಲ್ರಿ..." ಎಂದ ಗುರುಶಾಂತ.

"ನಮ್ಮ ಮಂದಿ ವರದಕ್ಷಿಣಿ ತಗೊಳಂಗಿಲ್ಲ, ಬಸವಣ್ಣನ ಆಣಿ" ಎಂದಳು ಗುರುಬಾಯಿ. "ಹುಡುಗಿ ತಾನಾಗೇ ತರೂದಕ್ಕ ಬ್ಯಾಡ ಅನ್ನಂಗನೂ ಇಲ್ಲ."

ಗುರುಶಾಂತ ಹೆಂಡತಿಯ ಮುಖ ನೋಡಿದ. ವಿದ್ಯಾವತಿ ಆಗಲೇ ಅಕ್ಷತೆಗೆ ಯಾವ ವಾರ ಕೂಡಿಬರುತ್ತದೆಂದು ಗುರುಬಾಯಿಯನ್ನು ಕೇಳುತ್ತಿದ್ದಳು.

ಮದುವೆ ಡಿಸೆಂಬರ್ ಮೊದಲ ವಾರದಲ್ಲಾಯಿತು. ಮಷಿನ್ ಬಂದದ್ದು ಅದರ ಹಿಂದಿನ ದಿನ, ಡಬ್ಬಿ ಒಡೆಯದೆಯೇ ಜೇವರ್ಗಿಗೆ ಹೋಯಿತು. ಶಾಲೆಯ ಬದಲಿ ಡ್ರೈವರ್ ಕಾಯಂ ಆದ.

ದಿನಾ ಎಷ್ಟು ಬಳಕೆಯಾಯಿತೆಂದು ಆ ಮಷಿನ್ ತಾನಾಗಿಯೇ ಕಂಪನಿಗೆ ವರದಿ ಕಳಿಸುತ್ತದೆ. ಜನವರಿಯಲ್ಲಿ ಗುರುಶಾಂತನ ಫೋನಿಗೆ ಕಂಪನಿಯ ಸಂದೇಶ ಬಂತು: ನೀವು ಒಂದು ರಾತ್ರಿಯೂ ತಪ್ಪಿಸದೆ ಮಷಿನ್ ಬಳಸಿದ್ದೀರಿ, ನಿಮ್ಮ ನಿದ್ದೆ ಪೂರ್ತಿ ಸುಧಾರಿಸಿದೆ, ಅಭಿನಂದನೆಗಳು.

ಸಂದೇಶ ಬಂದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಗುರುಶಾಂತ ಶಾಲೆಯ ಗೇಟಿನ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದ.