ನಲವತ್ತೊಂದನೇ ಸಂಚಿಕೆಯ ನಡುಪುಟ

ಈ ಭಾನುವಾರ ನನ್ನ ಗತವೈಭವವನ್ನು ಮರುಸ್ಥಾಪಿಸಿಯೇ ಸಿದ್ಧ ಎಂದು ನಾನು ಮನೆಯಲ್ಲಿ ಡಂಗುರ ಸಾರಿದೆ. ಮನೆಯಲ್ಲಿ ಇದ್ದವಳು ನನ್ನಾಕೆ ಒಬ್ಬಳೇ. ಬಟ್ಟೆ ಮಡಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

ವಿಷಯ ಇಷ್ಟೇ. ನನ್ನ ಬಳಿ ‘ದಾಳ-ಪಾತಾಳ’ ಎಂಬ ಮಾಸಪತ್ರಿಕೆಯ ಎಪ್ಪತ್ತೊಂದು ಸಂಚಿಕೆಗಳಿವೆ. ಎಪ್ಪತ್ತೆರಡನೆಯದು ಇಲ್ಲ, ಅಷ್ಟರಲ್ಲಿ ಪತ್ರಿಕೆಯೇ ಕಣ್ಣು ಮುಚ್ಚಿತು! ಮೇಜಿನ ಸುತ್ತ ಕೂತು ಆಡುವ ಪಾತ್ರದಾಟಗಳಿಗೇ ಮೀಸಲಾದ ಪತ್ರಿಕೆ ಅದು. ಒಬ್ಬ ಯೋಧನಾಗುತ್ತಾನೆ, ಇನ್ನೊಬ್ಬ ಮಾಂತ್ರಿಕನಾಗುತ್ತಾನೆ. ಸೂತ್ರಧಾರನೆಂಬುವನು ನಕ್ಷೆಯನ್ನು ಮರೆಮಾಡಿಕೊಂಡು, “ಎದುರಿಗೊಂದು ಗುಹೆ, ಒಳಗಿಂದ ಗೊರಕೆ ಕೇಳಿಸ್ತಿದೆ, ಏನು ಮಾಡ್ತೀರಿ?” ಎಂದು ಕೇಳುತ್ತಾನೆ. ಇಪ್ಪತ್ತು ಮುಖದ ದಾಳ ಉರುಳಿಸಿದರೆ ಮಿಕ್ಕಿದ್ದನ್ನು ಹಣೆಬರಹ ನೋಡಿಕೊಳ್ಳುತ್ತದೆ. ಆ ಸೂತ್ರಧಾರ, ಮಹಾಜನಗಳೇ, ನಾನು!

ತಿಂಗಳ ಮೊದಲ ವಾರ ಬಂತೆಂದರೆ ಅಂಚೆಯವನ ದಾರಿ ಕಾಯುತ್ತ ಗೇಟಿಗೆ ಜೋತುಬೀಳುತ್ತಿದ್ದೆ. ಕವರು ಹರಿದೊಡನೆ ಮೂಗಿಗೆ ಬಡಿಯುತ್ತಿದ್ದ ಆ ಶಾಯಿಯ ವಾಸನೆ! ಓದುಗರ ಪತ್ರಗಳ ಪುಟದಲ್ಲಿ ‘ಕಬ್ಬಿಣದ ಕವಚ ತೊಟ್ಟ ಯೋಧ ಈಜಬಲ್ಲನೇ?’ ಎಂಬ ಜಗಳ ಹನ್ನೊಂದು ತಿಂಗಳು ನಡೆಯಿತು. ‘ಮುಳುಗುತ್ತಾನೆ, ಮುಳುಗಲೇಬೇಕು’ ಎಂದು ಬರೆದು ಜಗಳ ಮುಗಿಸಿದವನು ನಾನೇ. ಕೊನೆಯ ಪುಟದಲ್ಲಿ ಸಣ್ಣ ಜಾಹೀರಾತುಗಳು: ‘ತಂಡಕ್ಕೆ ಮಾಂತ್ರಿಕ ಬೇಕಾಗಿದ್ದಾನೆ. ಸಿಡುಕರು ಬೇಡ.’ ಅಂಥ ಜಾಹೀರಾತಿನಿಂದಲೇ ನನಗೆ ಇಬ್ಬರು ಜೀವದ ಗೆಳೆಯರು ಸಿಕ್ಕಿದ್ದು. ಒಬ್ಬ ಈಗ ಹಲ್ಲಿನ ಡಾಕ್ಟರು, ಇನ್ನೊಬ್ಬ ಟೈಲರು. ಆ ಪುಟಗಳನ್ನು ತಿರುವಿದರೆ ಈಗಲೂ ನನ್ನ ಎದೆ ತುಂಬಿ ಬರುತ್ತದೆ.

“ಎದೆ ತುಂಬೋದು ಸರಿ ಕಣ್ರೀ, ಕಪಾಟೂ ತುಂಬಿದೆಯಲ್ಲ!” ಎಂದಳು ನನ್ನಾಕೆ. “ಮದುವೆಯಾಗಿ ಹದಿನೈದು ವರ್ಷ ಆಯ್ತು, ನೀವು ಒಂದು ಸಲಾನೂ ಆಡಿದ್ದನ್ನ ನಾನು ಕಂಡಿಲ್ಲ. ಭಾನುವಾರ ಆಡಿ ತೋರ್ಸಿ. ಆಟ ಕಳೆಗಟ್ಟಿದ್ರೆ ಈ ಕಟ್ಟು ಇಲ್ಲೇ ಇರ್ಲಿ. ಇಲ್ಲಾಂದ್ರೆ ಸೋಮವಾರ ರದ್ದಿಯವನು ಬರ್ತಾನೆ.”

“ಬರ್ಲಿ! ತಕ್ಕಡಿ ಕೆಳಗಿಟ್ಟು ಅವನೇ ಆಡೋಕೆ ಕೂರ್ತಾನೆ, ನೋಡ್ತಿರು!” ಎಂದೆ.

ಆ ಇಬ್ಬರು ಗೆಳೆಯರಿಗೂ ಬರಹೇಳಿ, ಭಾನುವಾರ ಮಧ್ಯಾಹ್ನ ನಲವತ್ತೊಂದನೇ ಸಂಚಿಕೆ ಬಿಚ್ಚಿದೆ. ಅದರಲ್ಲಿತ್ತು ‘ಕರಿಬೆಟ್ಟದ ಕೋಟೆ’, ಸಾಹಸಗಳ ಸಾಹಸ. ಕಥೆ ಇತ್ತು. ನಿಯಮಗಳಿದ್ದವು. ನಕ್ಷೆ ಇರಬೇಕಾದ ನಡುಪುಟ ಮಾತ್ರ ನಾಪತ್ತೆ! ಎರಡು ಪಿನ್ನುಗಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು.

“ನಲವತ್ತೊಂದರ ನಡುಪುಟ ಎಲ್ಲೇ?” ಎಂದು ಕಿರುಚಿದೆ.

“ದಪ್ಪ ಕಾಗದ, ಬಣ್ಣಬಣ್ಣದ್ದಾ? ಒಲೆ ಪಕ್ಕದ ಶೆಲ್ಫಿಗೆ ಹಾಸಿದೀನಿ. ಈ ಮನೆಗೆ ಬಂದ ದಿನ ನೀವೇ ತಾನೇ ಕಿತ್ತುಕೊಟ್ಟಿದ್ದು?”

ಕೊಟ್ಟಿದ್ದೆ! ಹೊಸ ಮನೆಯ ಉತ್ಸಾಹದಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಟ್ಟ ಪಾಪಿ ನಾನೇ. ಬಾಯಿ ಮುಚ್ಚಿಕೊಂಡು ಸ್ಟೂಲು ಹತ್ತಿದೆ. ಇಪ್ಪತ್ತಮೂರು ಡಬ್ಬಿಗಳನ್ನು ಇಳಿಸಿದೆ. ಇಪ್ಪತ್ತನಾಲ್ಕನೆಯದು, ಹಿಟ್ಟಿನದು, ತಾನಾಗಿಯೇ ನನ್ನ ತಲೆಯ ಮೇಲೆ ಇಳಿಯಿತು. ಕಾಗದ ಹಲಗೆಗೆ ಕಚ್ಚಿಕೊಂಡಿತ್ತು. ಚಾಕು ತೂರಿಸಿ ಇಂಚಿಂಚಾಗಿ ಬಿಡಿಸುವಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು. ಹಿಟ್ಟು ಮೆತ್ತಿದ ಮುಖದಲ್ಲಿ ಬಾಗಿಲು ತೆರೆದೆ.

“ಏನೋ, ಇಷ್ಟು ಬೇಗ ಹಣ್ಣಾಗಿಬಿಟ್ಟೆ!” ಎಂದ ಡಾಕ್ಟರು.

ಆಟ ಶುರು. ನಕ್ಷೆಯನ್ನು ಪತ್ರಿಕೆಗಳ ಗೋಡೆಯ ಹಿಂದೆ ಹರಡಿಕೊಂಡೆ. ಕೋಟೆಯ ಬಾಗಿಲಲ್ಲೇ ಒಂದು ದೊಡ್ಡ ದುಂಡನೆಯ ಸರೋವರ, ಪಕ್ಕದಲ್ಲಿ ಮೂರು ಪುಟ್ಟ ಕೊಳಗಳು. ಕಥೆಯಲ್ಲಿ ಸರೋವರದ ಸುದ್ದಿಯೇ ಇಲ್ಲ. ಸಂಪಾದಕರು ಮರೆತಿರಬೇಕು, ಸೂತ್ರಧಾರನೆಂದ ಮೇಲೆ ಇಂಥದ್ದನ್ನೆಲ್ಲ ತೂಗಿಸಿಕೊಂಡು ಹೋಗಬೇಕು ಎಂದುಕೊಂಡು ಗಂಟಲು ಸರಿಮಾಡಿಕೊಂಡೆ.

“ಎದುರಿಗೊಂದು ಸರೋವರ! ದಡವೆಲ್ಲ ಕಂದು. ನೀರಿನ ಮೇಲೆ ಏನೋ ಜಿಡ್ಡು ಹೊಳೀತಿದೆ. ಏನು ಮಾಡ್ತೀರಿ?”

“ಈಜ್ತೀನಿ!” ಎಂದ ಡಾಕ್ಟರು. ಅವನು ಯೋಧ.

“ಕವಚ ತೊಟ್ಟಿದ್ದೀಯ. ಮುಳುಗ್ತೀಯ.”

ಮುಳುಗಿದ. ಹಗ್ಗ ಎಸೆದು ಎಳೆದರು. ದಾಳ ಒಂದಕ್ಕೆ ಬಿದ್ದು ಹಗ್ಗವೂ ಮುಳುಗಿತು. ತೆಪ್ಪ ಕಟ್ಟಿದರು, ಮಗುಚಿತು. ಮಾಂತ್ರಿಕನಾಗಿದ್ದ ಟೈಲರು, ನಕ್ಷೆಯಿಂದ ಸರೋವರದಷ್ಟನ್ನು ನಾನು ಪಡಿಯಚ್ಚು ತೆಗೆದುಕೊಟ್ಟ ಕಾಗದದ ಮೇಲೆ ಜೇಬಿನಿಂದ ಟೇಪು ತೆಗೆದು ಹಿಡಿದ.

“ಯಾವ ಕಡೆಯಿಂದ ಅಳೆದ್ರೂ ಒಂದೇ ಅಳತೆ ಕಣ್ರೋ! ಇದು ತಾನಾಗಿ ಆದ ಕೆರೆಯಲ್ಲ. ಯಾರೋ ಮಾಟ ಮಾಡಿದ್ದಾರೆ!”

ನನಗೇ ರೋಮಾಂಚನವಾಯಿತು. ಎರಡು ಗಂಟೆಯ ಕಾಲ ಆ ಮಾಟದ ಸರೋವರದೊಂದಿಗೆ ಘನಘೋರ ಯುದ್ಧ ನಡೆಯಿತು. ಡಾಕ್ಟರು ಕುರ್ಚಿಯ ಮೇಲೆ ನಿಂತೇ ಬಿಟ್ಟ! ಅಷ್ಟರಲ್ಲಿ ನನ್ನಾಕೆ ಟೀ ತಂದಳು, ನನ್ನ ಬೆನ್ನ ಹಿಂದಿನಿಂದ ನಕ್ಷೆಯನ್ನು ಬಗ್ಗಿ ನೋಡಿದಳು.

“ಇದ್ಯಾಕ್ರೀ, ಆಗ್ಲಿಂದ ಎಣ್ಣೆ ಡಬ್ಬಿ ಗುರುತು ದಾಟೋಕೆ ಇಷ್ಟು ಒದ್ದಾಡ್ತಿದ್ದೀರಿ?”

ಡಾಕ್ಟರು ಕುರ್ಚಿಯಿಂದ ಇಳಿದು ನಕ್ಷೆಯತ್ತ ಬಗ್ಗಿದ.

“ದೊಡ್ಡದು ಎಣ್ಣೆ ಡಬ್ಬಿ. ಈ ಮೂರು ಸಣ್ಣವು ಉಪ್ಪು, ಸಕ್ಕರೆ, ಟೀಪುಡಿ,” ಎಂದು ಬೆರಳಿಟ್ಟು ತೋರಿಸಿದಳು.

ಮೊದಲು ಟೈಲರು ನಕ್ಕ. ಆಮೇಲೆ ಡಾಕ್ಟರು ತನ್ನ ಮೂವತ್ತೆರಡು ಹಲ್ಲುಗಳನ್ನೂ ಪ್ರದರ್ಶನಕ್ಕಿಟ್ಟ. ನಾನು ಮಾತ್ರ ಎಪ್ಪತ್ತೊಂದು ಸಂಚಿಕೆಗಳ ಮೇಲೆ ಕೈಯಿಟ್ಟು ಮನಸ್ಸಿನಲ್ಲೇ ವಿದಾಯ ಹೇಳುತ್ತಿದ್ದೆ. ನಿಜವಾಗಿಯೂ ಕಣ್ಣು ಒದ್ದೆಯಾಗಿತ್ತು.

“ಅತ್ತಿಗೆ, ಈ ಸೀಮೆಯ ಇಂಚಿಂಚೂ ನಿಮಗೆ ಗೊತ್ತು. ನೀವೇ ಕೂತು ನಡೆಸಿ,” ಎಂದ ಟೈಲರು.

“ಐದೇ ನಿಮಿಷ,” ಎಂದು ಅವಳು ನನ್ನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂತಳು. ನಕ್ಷೆಯನ್ನು ಒಂದು ಗಳಿಗೆ ದಿಟ್ಟಿಸಿದಳು. ಮೆಲ್ಲಗೆ ಹೇಳಿದಳು:

“ಸರೋವರ ನಿಮ್ಮ ಕಣ್ಣೆದುರಿಗೇ ಒಣಗಿಹೋಯ್ತು. ತಳದಲ್ಲಿ ಒಂದು ಬಾಗಿಲಿದೆ. ಒಳಗಿಂದ ಯಾರೋ ನಿಮ್ಮಿಬ್ಬರನ್ನೂ ಹೆಸರು ಹಿಡಿದು ಕರೀತಿದ್ದಾರೆ. ನಿಮ್ಮದೇ ದನಿಯಲ್ಲಿ. ಏನು ಮಾಡ್ತೀರಿ?”

ಡಾಕ್ಟರು ಟೀ ಲೋಟ ಕೆಳಗಿಟ್ಟ. ಟೈಲರು ಟೇಪು ಸುತ್ತಿಟ್ಟ. ಎಪ್ಪತ್ತೊಂದು ಸಂಚಿಕೆಗಳಲ್ಲಿ ಇಂಥ ಬಾಗಿಲನ್ನು ನಾನು ಓದಿರಲಿಲ್ಲ! ಐದು ನಿಮಿಷ ಮೂರು ಗಂಟೆಯಾಯಿತು. ಇಬ್ಬರೂ ಹೊರಡಲು ಒಲ್ಲದ ಮನಸ್ಸಿನಿಂದ ಎದ್ದರು.

ಅವರು ಹೋದ ಮೇಲೆ ಅಳುಕುತ್ತ ಕೇಳಿದೆ, “ಹಾಗಾದ್ರೆ ಈ ಕಟ್ಟು... ರದ್ದಿಗಾ?”

“ಮುಟ್ಟಿ ನೋಡಿ! ಮುಂದಿನ ಭಾನುವಾರದೊಳಗೆ ಇದಷ್ಟನ್ನೂ ನಾನು ಓದಿ ಮುಗಿಸ್ಬೇಕು.”

ನನ್ನ ಸಂತೋಷಕ್ಕೆ ಪಾರವೇ ಇಲ್ಲ! ಹೆಂಡತಿಯೂ ನಮ್ಮ ಪಂಗಡ, ಪತ್ರಿಕೆಗಳೂ ಕ್ಷೇಮ.

“ಮತ್ತೆ ನಾನು? ನನಗ್ಯಾವ ಪಾತ್ರ?”

“ಯೋಧ ಇದ್ದಾರೆ, ಮಾಂತ್ರಿಕ ಇದ್ದಾರೆ,” ಎಂದು ಅವಳು ಪುಟ ತಿರುವುತ್ತ ಯೋಚಿಸಿದಳು. “ಅವರ ಸಾಮಾನು ಹೊರೋಕೆ ಒಂದು ಕತ್ತೆ ಬೇಕು.”

ಸೂತ್ರಧಾರನಾಗಿ ನನಗಿರುವ ಅನುಭವವೆಷ್ಟು, ಹದಿನೇಳನೇ ಸಂಚಿಕೆಯ ನಿಯಮವೇನು ಎಂದು ವಿವರಿಸಲು ನಾನು ಬಾಯಿ ತೆರೆದೆ.

ಅವಳು ಪುಟದಿಂದ ಕಣ್ಣು ಎತ್ತದೆ ಅಂದಳು, “ಕತ್ತೆ ಮಾತಾಡೋ ಹಾಗಿಲ್ಲ ರೀ.”