ಡೇರಿಯಲ್ಲಿ ಪದ್ಧತಿ ಬದಲಿಸಿದ್ದು

ಪದ್ಧತಿ ಬದಲಿಸಲು ಹೋದವನಿಗೆ ವಾರಕ್ಕೊಮ್ಮೆಯಾದರೂ ಎದೆ ಧಸಕ್ಕೆನ್ನುವುದು ತಪ್ಪಿದ್ದಲ್ಲ. ಗೋಕಾಕದ ಒಂದು ಖಾಸಗಿ ಡೇರಿಯಲ್ಲಿ ನನ್ನ ಕೆಲಸವೇ ಅದು. ಕೆಲಸದ ರೀತಿ ಬದಲಾದಾಗಲೆಲ್ಲ ಸಾಫ್ಟ್‌ವೇರನ್ನು ತಿದ್ದಬೇಕು, ಹಳ್ಳಿಗಳ ಹಾಲಿನ ಕೇಂದ್ರಗಳಿಗೆ ಹೋಗಿ ಕಲಿಸಬೇಕು. ನಾನಿನ್ನೂ ಕಾಯಂ ಆಗಿರಲಿಲ್ಲ. ನನ್ನನ್ನು ಕಾಯಂ ಮಾಡುವ ಅರ್ಜಿ ಅದೇ ಸಾಫ್ಟ್‌ವೇರಿನಲ್ಲಿ ಮಾಲೀಕರಾದ ಸಾಹೇಬರ ಒಪ್ಪಿಗೆಗೆ ಕಾಯುತ್ತ ಕೂತಿತ್ತು. "ಹಳ್ಳಿ ಎಲ್ಲಾ ದಾರಿಗೆ ಬರಲಿ, ಆಮ್ಯಾಲ ಒಪ್ಪಿಗಿ ಒತ್ತತೇನಿ" ಎಂದಿದ್ದರು.

ನಾಳಿನ ಹಾಲು

ವಹಿಯಲ್ಲಿ ಬರೆಯುವುದು ಬಿಟ್ಟು, ಹಾಲು ಅಳೆದ ಕೂಡಲೇ ಫೋನಿನಲ್ಲಿ ತುಂಬಬೇಕೆಂದು ನಿಯಮವಾಯಿತು. ಮಸಗುಪ್ಪಿಯ ಕೇಂದ್ರ ನಡೆಸುವ ಕಾಕಾ ಒಂದು ದಿನವೂ ತಪ್ಪಿಸಲಿಲ್ಲ. ಶಾಬಾಸ್ ಎನ್ನಲು ಹೋದೆ. ನೋಡಿದರೆ ಮರುದಿನದ ಹಾಲೂ ತುಂಬಿತ್ತು, ಲೀಟರು, ಫ್ಯಾಟು ಸಮೇತ! ಸಾಫ್ಟ್‌ವೇರಿನಲ್ಲಿ ಮುಂದಿನ ತಾರೀಖು ತುಂಬದಂತೆ ತಡೆಯುವುದನ್ನು ನಾನೇ ಮರೆತಿದ್ದೆ. ನಾಳಿನ ಹಾಲು ಇವತ್ತೇ ಹೇಗೆ ಎಂದು ಕೇಳಿದೆ.

"ನಮ್ಮ ಎಮ್ಮಿ ದಿನಾ ಅಷ್ಟ ಹಿಂಡತಾವ್ರಿ" ಎಂದರು ಕಾಕಾ ತಣ್ಣಗೆ. "ದಿನಾ ಬದಲಾಗಾವ್ರು ನೀವ."

ಅಜ್ಜಿಯ ಹೆಬ್ಬೆರಳು

ಆಮೇಲೆ ಬಂದದ್ದು, ಹಾಲು ಹಾಕುವಾಗ ಖಾತೆ ಇದ್ದವರೇ ಹೆಬ್ಬೆರಳು ಒತ್ತಬೇಕೆಂಬ ನಿಯಮ. ಖಾತೆ ಅತ್ತೆಯ ಹೆಸರಿನಲ್ಲಿ, ಹಾಲು ತರುವುದು ಸೊಸೆ ಎಂಬುದು ಆಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಘೋಡಗೇರಿಯಲ್ಲಿ ಒಬ್ಬ ಸೊಸೆ ಸ್ಕೂಟಿಯ ಮುಂದೆ ಕ್ಯಾನು ಇಟ್ಟು, ಹಿಂದೆ ಎಂಬತ್ತು ದಾಟಿದ ಅತ್ತೆಯನ್ನು ಕೂರಿಸಿಕೊಂಡು ದಿನಕ್ಕೆರಡು ಸಲ ಬರುತ್ತಿದ್ದಳು. ಕಂಡು ಜೀವವೇ ಹಾರಿತು. ನಿಯಮ ಇವತ್ತೇ ತೆಗೆಸುತ್ತೇನೆ ಎಂದು ಅಜ್ಜಿಗೆ ಕೈಮುಗಿದೆ. ಅಜ್ಜಿಗೆ ಸಿಟ್ಟು ಬಂತು.

"ತಗೀಬ್ಯಾಡ ತಮ್ಮಾ. ಇದರ ನೆವದಾಗ ಊರ ಮಂದಿ ಮಾರಿ ನೋಡಾಕತ್ತೇನಿ."

ಎಲ್ಲದಕ್ಕೂ ಒಪ್ಪಿಗೆ

ಸಾಹೇಬರು ಹಿಂದೆ ಗುಮಾಸ್ತರು ಬೆರಳಿಟ್ಟಲ್ಲಿ ಸಹಿ ಹಾಕುತ್ತಿದ್ದರು. ಈಗ ಓದದೆ 'ಒಪ್ಪಿಗೆ' ಒತ್ತುತ್ತಿದ್ದರು. ನನ್ನ ಅರ್ಜಿಯೊಂದನ್ನು ಮಾತ್ರ ಮುಟ್ಟಿರಲಿಲ್ಲ. ಒಂದು ಸೋಮವಾರ ಸಾಫ್ಟ್‌ವೇರ್ ತಾನೇ ಒಂದು ಪಟ್ಟಿ ಕಳಿಸಿತು. ಇವು ಬೇಡದ ಹಂತಗಳು, ತೆಗೆಯಲೇ ಎಂದು ಕೇಳಿತ್ತು. ಸಾಹೇಬರು ಚಹಾ ಕುಡಿಯುತ್ತ ಒತ್ತಿದರು.

ಮಧ್ಯಾಹ್ನ ನನ್ನನ್ನು ಕರೆದರು. ಬೆಳಗಿನಿಂದ ಒಪ್ಪಿಗೆಗೆ ಏನೂ ಬಂದಿಲ್ಲವಂತೆ. ತೆರೆದು ನೋಡಿದೆ. ಸಾಹೇಬರು ಇದುವರೆಗೆ ಯಾವುದಕ್ಕೂ ಬೇಡ ಎಂದಿರಲಿಲ್ಲ. ಹಾಗಾಗಿ ಆ ಪಟ್ಟಿಯ ಮೊದಲಲ್ಲೇ ಅವರ ಒಪ್ಪಿಗೆಯ ಹಂತವಿತ್ತು. ಅದು ಹೋದದ್ದೇ ತಡ, ಬಾಕಿ ಇದ್ದ ಅರ್ಜಿಗಳೆಲ್ಲ ತಾವೇ ಪಾಸಾಗಿದ್ದವು. ನಾನೂ ಕಾಯಂ ಆಗಿದ್ದೆ.

"ನನ್ನ ತಗದವ್ರು ಯಾರು?" ಎಂದರು ಸಾಹೇಬರು.

"ನೀವರಿ."

ಸಾಹೇಬರು ಫೋನನ್ನು ನನ್ನತ್ತ ತಳ್ಳಿದರು. ತಮ್ಮ ಹಂತ ಈಗಲೇ ವಾಪಸ್ ಹಾಕು ಎಂದರು. ಹಾಗೆ ಹಾಕಲು, ಸಾಫ್ಟ್‌ವೇರಿನ ನಿಯಮದಂತೆ, ಪದ್ಧತಿ ನೋಡಿಕೊಳ್ಳುವ ಕಾಯಂ ನೌಕರನ ಒಪ್ಪಿಗೆ ಬೇಕು. ಇಡೀ ಡೇರಿಯಲ್ಲಿ ಅಂಥವನು ನಾನೊಬ್ಬನೇ.

"ಅರ್ಜಿ ಹಾಕ್ರಿ ಸಾಹೇಬ್ರ" ಎಂದೆ, "ನೋಡೂಣು."