ಕಿವಿಯೊಳಗೆ ಕೂತು ಚಾರ್‌ಮಿನಾರ್ ತೋರಿಸಿದ್ದು

ರಾಜಧಾನಿಯಲ್ಲಿ ಮನೆ ಮಾಡಿದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಟ್ರಂಕು, ಚೀಲ, ಉಪ್ಪಿನಕಾಯಿ ಭರಣಿ ಹೊತ್ತುಕೊಂಡು ಬಾಗಿಲಿಗೆ ಬರುತ್ತವೆ.

ಹೈದರಾಬಾದು ಆಗ ಆಂಧ್ರದ ರಾಜಧಾನಿ. ನಾನು ಲಿಂಗಂಪಲ್ಲಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನೌಕರ, ಕಂಪನಿ ಕ್ವಾರ್ಟರ್ಸಿನಲ್ಲಿ ವಾಸ. ಊರ ಕಡೆಯಿಂದ ಒಬ್ಬರು ಕಣ್ಣಿನ ಡಾಕ್ಟರಿಗೆ ತೋರಿಸಲು ಬರುತ್ತಿದ್ದರು, ಇನ್ನೊಬ್ಬರು ಮಗಳಿಗೆ ವರ ನೋಡಲು. ಬಂದವರೆಲ್ಲರ ಕೊನೆಯ ಮಾತು ಮಾತ್ರ ಒಂದೇ: "ಹೆಂಗೂ ಬಂದೀವಿ, ಒಂದೀಟು ಚಾರ್‌ಮಿನಾರ್ ತೋರಸಿಬಿಡಪಾ."

ವಾರಕ್ಕೆ ಒಂದೇ ರವಿವಾರ. ಅದೂ ಚಾರ್‌ಮಿನಾರಿನ ಪಾಲು. ಆ ನಾಲ್ಕು ಮಿನಾರುಗಳನ್ನು ಕಟ್ಟಿದವರೂ ನನ್ನಷ್ಟು ಸಲ ಅವುಗಳ ಸುತ್ತ ತಿರುಗಿರಲಿಕ್ಕಿಲ್ಲ. ಅಷ್ಟರಲ್ಲಿ ಜೊತೆಯ ನೌಕರನೊಬ್ಬನ ತಮ್ಮ ದುಬೈಯಿಂದ ತಂದಿದ್ದ ವಾಕ್‌ಮನ್ ನನ್ನ ಕೈಸೇರಿತು. ನನಗೊಂದು ವಿಚಾರ ಹೊಳೆಯಿತು. ಹೇಗಿದ್ದರೂ ಪ್ರತಿ ಸಲ ಹೇಳುವುದು ಅದೇ ಮಾತು. ಅದನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ ಬಂದವರ ಕಿವಿಗೆ ಹಚ್ಚಿ ಕಳಿಸಿದರೆ ನಾನು ಮನೆಯಲ್ಲಿ ಮಲಗಬಹುದಲ್ಲ!

ಹೆಂಡತಿಗೆ ಇದು ಸರಿಬರಲಿಲ್ಲ. "ಮನಿಗೆ ಬಂದವರನ್ನ ಟೇಪಿನ ಕೈಯಾಗ ಕೊಡತೀರೇನ್ರಿ? ಯಾರರೆ ಬ್ಯಾಸರ ಮಾಡಕೊಂಡ್ರ ಏನ್ ಮಾಡೋದು?" ಎಂದಳು. ಒಬ್ಬರು ಬೇಸರ ಮಾಡಿಕೊಂಡರೂ ಕ್ಯಾಸೆಟ್ ಅಟ್ಟಕ್ಕೆ, ನಾನು ಮತ್ತೆ ಚಾರ್‌ಮಿನಾರಿಗೆ. ಹೀಗೆಂದು ಒಪ್ಪಂದವಾಯಿತು. ಹಾಗಾಗಿ ಆ ಕ್ಯಾಸೆಟ್ಟಿನ ಮೇಲೆ ನನ್ನ ಅಷ್ಟೂ ರವಿವಾರಗಳು ನಿಂತಿದ್ದವು.

೧. ಪತ್ಥರ್‌ಗಟ್ಟಿಯಲ್ಲಿ ಬಂದ ಪ್ರಶ್ನೆ

ರೆಕಾರ್ಡ್ ಮಾಡಿದ್ದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ. ನಯಾಪುಲ್ ಸೇತುವೆಯಿಂದ ಶುರುಮಾಡಿ, ಮೂಸಿ ನದಿ, ಮದೀನಾ ಸರ್ಕಲ್ಲು, ಪತ್ಥರ್‌ಗಟ್ಟಿಯ ಕಲ್ಲಿನ ಕಮಾನುಗಳು, ಗುಲ್ಜಾರ್ ಹೌಜ್, ಚಾರ್‌ಮಿನಾರ್ ಎಲ್ಲವನ್ನೂ ವರ್ಣಿಸಿದೆ. ನಡುವೆ ಎರಡು ಸಲ ಕುಕ್ಕರ್ ಸೀಟಿ ಹೊಡೆಯಿತು. ಇರಲಿ, ಊಟದ ನೆನಪಾಗುತ್ತದೆ ಎಂದು ಬಿಟ್ಟೆ.

ಮೊದಲು ಕಳಿಸಿದ್ದು ಗದಗಿನ ಕಾಕಾನನ್ನು. ಹತ್ತು ದಿನದಿಂದ ನಮ್ಮಲ್ಲೇ ಇದ್ದರು. ಸಂಜೆ ತಿರುಗಿ ಬಂದವರು ಚಪ್ಪಲಿಯನ್ನೂ ಬಿಡದೆ ನನ್ನ ಹೆಂಡತಿಯನ್ನು ಕರೆದು ಗಂಭೀರವಾಗಿ ಹೇಳಿದರು:

"ನಾಳೆ ಮುಂಜಾನಿ ಗಾಡಿಗೆ ಹೋಗತೇನಿ ನೋಡವಾ."

ಅವಳು ಗಾಬರಿಯಾದಳು. "ಅಯ್ಯ, ಈಗ ಹೋಗ್ರಿ ಅಂದವರ್ಯಾರು ಕಾಕಾ?"

"ಹೋಗು ಅಂತ ಯಾರೂ ಅಂದಿಲ್ಲ. ಯಾವಾಗ ಹೋಗತಾರ ಅಂತ ನೀನ ಕೇಳಿದೆಲ್ಲ, ಪತ್ಥರ್‌ಗಟ್ಟಿಯೊಳಗ."

ಕ್ಯಾಸೆಟ್ ಹಚ್ಚಿ ಕೇಳಿದೆವು. ನಾನು ಕಲ್ಲಿನ ಕಮಾನುಗಳ ಚೆಲುವನ್ನು ಬಣ್ಣಿಸುತ್ತಿದ್ದೆ. ಹಿಂದಿನಿಂದ ನನ್ನ ಹೆಂಡತಿಯ ದನಿ ಸ್ಪಷ್ಟವಾಗಿ ಬಂತು: "ಅಲ್ರೀ, ನಿಮ್ಮ ಕಾಕಾ ಯಾವಾಗ ಹೋಗತಾರಂತ?"

ಕ್ಯಾಸೆಟ್ ಅಟ್ಟಕ್ಕೆ ಹೋಗಬೇಕಾಗಿತ್ತು. ಆದರೆ ತಪ್ಪು ಅವಳ ಕಡೆಯದಾದ್ದರಿಂದ ಆ ಸಲ ಒಪ್ಪಂದದ ಮಾತು ಯಾರೂ ಎತ್ತಲಿಲ್ಲ. ಕಾಕಾನ ಕೈಕಾಲು ಹಿಡಿದು ಇನ್ನೂ ನಾಲ್ಕು ದಿನ ಇಟ್ಟುಕೊಂಡೆವು. ಹೊಸ ಕ್ಯಾಸೆಟ್ಟನ್ನು ಅವಳು ತವರಿಗೆ ಹೋದಾಗ ತುಂಬಿದೆ.

೨. ಮಾಸ್ತರರ ಮರ್ಯಾದೆ

ಎರಡನೆಯವರು ನನಗೆ ಹೈಸ್ಕೂಲಿನಲ್ಲಿ ಕಲಿಸಿದ ಮಾಸ್ತರರು. ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು ಎಂದು ನಮಗೆ ಬೆತ್ತದಿಂದ ಕಲಿಸಿದವರು. ಗುಲ್ಜಾರ್ ಹೌಜಿನ ಹತ್ತಿರ ಕ್ಯಾಸೆಟ್ಟಿನಲ್ಲಿ ನಾನು, "ಇಲ್ಲೇ ನಿಂದರ್ರಿ. ಕತ್ತು ಎತ್ತಿ ನಾಲ್ಕೂ ದಿಕ್ಕಿಗೆ ಇರೋ ಕಮಾನು ನೋಡ್ರಿ" ಎಂದಿದ್ದೆ. ಮಾಸ್ತರರು ಆಗ ರಸ್ತೆಯ ನಟ್ಟನಡುವೆ ಇದ್ದರು. ಅಲ್ಲೇ ನಿಂತರು.

ಒಂದು ಕಡೆ ರಿಕ್ಷಾ, ಒಂದು ಕಡೆ ಆಟೋ, ಹಿಂದೆ ಬಾಳೆಹಣ್ಣಿನ ಬಂಡಿ. ಹಾರ್ನೋ ಹಾರ್ನು. ಕಿವಿಯಲ್ಲಿ ನಾನಿದ್ದೆನಲ್ಲ, ಅವರಿಗೇನೂ ಕೇಳಲಿಲ್ಲ. ಟ್ರಾಫಿಕ್ ಪೊಲೀಸನೊಬ್ಬ ಓಡಿ ಬಂದು, "ಕ್ಯಾ ಬಡೇ ಮಿಯಾಂ, ಯಹೀಂಚ್ ಖಡೇ ರಹತೇ ಕ್ಯಾ?" ಎಂದು, ಇಲ್ಲೇ ನಿಂತಿರುತ್ತೀರೇನು ಎಂಬ ಹಾಗೆ ಕೇಳಿದ. ಮಾಸ್ತರರು ತುಟಿಯ ಮೇಲೆ ಬೆರಳಿಟ್ಟು, "ಪಾಠ ನಡದೈತಿ" ಎಂದರಂತೆ. ಬಿಳಿ ಧೋತರ, ಕರಿ ಟೊಪ್ಪಿಗೆ, ಕಿವಿಗೆ ಯಂತ್ರ. ಯಾರೋ ದೊಡ್ಡ ಮನುಷ್ಯರೇ ಇರಬೇಕೆಂದು ಪೊಲೀಸ ಎರಡೂ ಕಡೆಯ ಗಾಡಿಗಳನ್ನು ತಡೆದು ನಿಂತ. ಮಾಸ್ತರರು ನಾಲ್ಕೂ ಕಮಾನು ನೋಡಿ ಮುಗಿಸಿ, ಅವನ ಬೆನ್ನು ತಟ್ಟಿ, ರಸ್ತೆ ದಾಟಿದರು.

ಮನೆಗೆ ಬಂದವರ ಕಣ್ಣು ಒದ್ದೆಯಾಗಿತ್ತು. ಬೇಸರವಾಯಿತೇನೋ ಎಂದುಕೊಂಡೆ.

"ಕ್ಯಾಸೆಟ್ ಚಂದ ಐತಿ ತಮ್ಮಾ" ಎಂದರು. "ಆದರ ನನ್ನ ಸಲುವಾಗಿ ಪೊಲೀಸರನ್ನ ಯಾಕ ನಿಂದರಸಿದ್ದಿ? ಇಷ್ಟು ಮರ್ಯಾದಿ ಬ್ಯಾಡಾಗಿತ್ತು."

ಇಲ್ಲವೆನ್ನಲು ನನಗೆ ಮನಸ್ಸು ಬರಲಿಲ್ಲ.

೩. ಅರ್ಧಕ್ಕೆ ಕೇಳಿರಿ

ಲಾಡ್ ಬಜಾರಿನ ಬಳೆ ಅಂಗಡಿಗಳ ಭಾಗ ಬಂದಾಗ ನಾನು ಹೆಮ್ಮೆಯಿಂದ ಒಂದು ಗುಟ್ಟು ಹೇಳಿದ್ದೆ: "ಅಂಗಡಿಯವರು ಎಷ್ಟರೆ ಹೇಳಲಿ, ಅರ್ಧಕ್ಕ ಕೇಳ್ರಿ."

ನಮ್ಮ ಅಕ್ಕ ಮತ್ತು ಆಕೆಯ ನಾದಿನಿ ಇಬ್ಬರೂ ಒಂದೇ ವಾಕ್‌ಮನ್ ತೆಗೆದುಕೊಂಡು ಹೋದರು. ಒಬ್ಬರಿಗೊಂದು ಕಿವಿ. ಒಂದೇ ನೊಗಕ್ಕೆ ಕಟ್ಟಿದ ಜೋಡಿಯ ಹಾಗೆ ತಲೆಗೆ ತಲೆ ಹಚ್ಚಿ ಅಂಗಡಿಗೆ ಹೊಕ್ಕರು. ಬಳೆಗಾರ ಬೆಲೆ ಹೇಳಿದ. ಇಬ್ಬರೂ ಒಂದೇ ದನಿಯಲ್ಲಿ "ಆಧಾ" ಎಂದರು.

ಅವನಿಗೆ ಕುತೂಹಲ ತಡೆಯಲಾಗಲಿಲ್ಲ. "ಕಿವಿಯಾಗ ಏನೈತ್ರಿ ಅಕ್ಕಾರ?" ಎಂದು ಕನ್ನಡದಲ್ಲೇ ಕೇಳಿದ. ಬೀದರ ಕಡೆಯವನಂತೆ. ನಮ್ಮ ಕಡೆಯವನೇ ಎಂಬ ಖುಷಿಯಲ್ಲಿ ಅಕ್ಕ ಯಂತ್ರವನ್ನೇ ಅವನ ತಲೆಗೆ ಹಾಕಿ, ಹಿಂದೆ ತಿರುಗಿಸಿ ಕೇಳಿಸಿದಳು. ಆತ ಕಣ್ಣು ಮುಚ್ಚಿ, ತಲೆದೂಗುತ್ತ ಪೂರ್ತಿ ಕೇಳಿದ.

"ಯಾರ್ರಿ ಇವರು?"

"ನನ್ನ ತಮ್ಮ."

"ಭಾಳ ಶ್ಯಾಣ್ಯಾ ಅದಾರ್ರಿ. ಇಂಥವರು ಅರ್ಧಕ್ಕ ಕೇಳ್ರಿ ಅಂತ ಹೇಳಿ ಕಳಸತಾರಂತನ ನಾವು ದುಪ್ಪಟ್ಟು ಹೇಳೋದು."

ಅಕ್ಕ ಆ ಮಾತು ಒಪ್ಪಿಕೊಂಡು ಅರ್ಧಕ್ಕೇ ಬಳೆ ಕೊಂಡಳು. ಬೇಸರವೇನೂ ಇರಲಿಲ್ಲ. ಊರಲ್ಲೆಲ್ಲ ನನ್ನನ್ನು 'ಅರ್ಧಾ' ಎಂದು ಕರೆಯತೊಡಗಿದಳು, ಅಷ್ಟೇ.

೪. ಅಳಿಯಾರು ಮಾತಾಡುವಾಗ

ಆಮೇಲೆ ಬಂದವರು ನಮ್ಮ ಅತ್ತೆ, ನನ್ನ ಹೆಂಡತಿಯ ತಾಯಿ, ಬಾಗಲಕೋಟೆಯಿಂದ. ಅವರದು ಹಳೆಯ ಕಾಲದ ರೀತಿ. ಅಳಿಯನ ಎದುರು ತಲೆಯ ಮೇಲಿನ ಸೆರಗು ಜಾರುವಂತಿಲ್ಲ, ಕುರ್ಚಿಯ ಮೇಲೆ ಕೂರುವಂತಿಲ್ಲ, ಏನೂ ತಿನ್ನುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ನಾನು ಪಕ್ಕದಲ್ಲೇ ಕೂತಿದ್ದರೂ "ಊಟ ಮಾಡತಾರೇನು ಕೇಳವಾ" ಎಂದು ಮಗಳಿಗೆ ಹೇಳಿ, ಮಗಳು ನನಗೆ ಹೇಳಬೇಕು.

"ನಮ್ಮವ್ವನ್ನೂ ಟೇಪಿನ ಕೂಡ ಕಳಸತೀರೇನು?" ಎಂದು ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅವರ ಒಳ್ಳೇದಕ್ಕನ ಹೇಳತೀನಿ. ನಾ ಬಂದ್ರ ನಿಮ್ಮವ್ವ ಸೆರಗು ಎಳಕೊಂಡು ನೆಲಾ ನೋಡಕೋತ ನಡೀತಾರ. ಚಾರ್‌ಮಿನಾರ್ ಕಾಣೂದು ಯಾವಾಗ? ಕ್ಯಾಸೆಟ್ ಇದ್ರ ಆರಾಮ ತಿರಗತಾರ. ಜೋಡಿ ನೀ ಹೋಗು."

ಮಾತು ಅವಳಿಗೂ ನಿಜ ಅನಿಸಿತು. ಆದರೂ ಬಾಗಿಲಲ್ಲಿ ತಿರುಗಿ ನಿಂತು ಹೇಳಿದಳು: "ನಮ್ಮವ್ವಗ ಒಂದೀಟು ಬ್ಯಾಸರ ಆತಂದ್ರೂ, ಮುಂದಿನ ರವಿವಾರೆಲ್ಲಾ ನೀವ ನಡೀಬೇಕು ನೋಡ್ರಿ."

ಅವರು ಹೋದರು. ನಾನು ಮಲಗಿದೆ.

ನಡೆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ನಯಾಪುಲ್ ಮೇಲೆ ವಾಕ್‌ಮನ್ ಹಚ್ಚಿದಳಂತೆ. ಕಿವಿಯಲ್ಲಿ ನನ್ನ "ನಮಸ್ಕಾರ್ರಿ" ಕೇಳಿದ್ದೇ ತಡ, ಅತ್ತೆ ಸರಕ್ಕನೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು.

"ಯಾಕವ್ವಾ?"

"ಶ್, ಅಳಿಯಾರು ಮಾತಾಡಾಕತ್ತಾರ."

ಅಲ್ಲಿಂದ ಪತ್ಥರ್‌ಗಟ್ಟಿಯವರೆಗೆ ನೆಲ ನೋಡುತ್ತಲೇ ನಡೆದರು. ಕಾಲು ನೋಯುತ್ತದೆ, ಈ ಕಟ್ಟೆಯ ಮೇಲೆ ಕೂತುಕೋ ಎಂದರೆ ಕೂರಲಿಲ್ಲ. ಅಳಿಯನ ಮುಂದೆ ಹೇಗೆ ಕೂರುವುದು? ಇರಾನಿ ಹೋಟೆಲಿನಲ್ಲಿ ಚಹಾ, ಉಸ್ಮಾನಿಯಾ ಬಿಸ್ಕೀಟು ತರಿಸಿದರೆ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಚಹಾ ಆರಿತು, ಬಿಸ್ಕೀಟು ಚೀಲ ಸೇರಿತು.

"ಅವ್ವಾ, ಈ ಗುಂಡಿ ಒತ್ತಿದ್ರ ಅವರು ಸುಮ್ಮನಾಗತಾರ. ಒತ್ತಲೇನು?"

ಅತ್ತೆಗೆ ಸಿಟ್ಟೇ ಬಂತಂತೆ. "ಏನ್ ಮಾತಂತ ಆಡತೀಯ? ಮನಿ ಅಳಿಯಾರು ಮಾತಾಡೂ ಮುಂದ ನಡುವ ಬಾಯಿ ಮುಚ್ಚಸೋದು? ನಾ ನಿನಗ ಇದನ್ನ ಕಲಿಸೀನೇನು?"

ಹೀಗಾಗಿ ಕ್ಯಾಸೆಟ್ ನಿಲ್ಲಲಿಲ್ಲ. ಅದರೊಳಗೆ ನಾನು ಚಾರ್‌ಮಿನಾರಿನ ಮೆಟ್ಟಿಲು ಹತ್ತುವಾಗ ಅವರಿನ್ನೂ ಗುಲ್ಜಾರ್ ಹೌಜಿನಲ್ಲಿದ್ದರು. ಅಳಿಯಾರು ಮುಂದೆ ಹೋದರೆಂದು ಅತ್ತೆ ದಾಪುಗಾಲು ಹಾಕಿದರು. ನನ್ನ ಹೆಂಡತಿ ಚೀಲ ಹಿಡಿದು ಹಿಂದೆ ಓಡಿದಳು. ಚಾರ್‌ಮಿನಾರಿನ ಬುಡ ಮುಟ್ಟುವುದಕ್ಕೂ ಕ್ಯಾಸೆಟ್ಟಿನ ಒಂದು ಬದಿ ಮುಗಿದು 'ಟಕ್' ಎನ್ನುವುದಕ್ಕೂ ಸರಿಹೋಯಿತು.

ಅತ್ತೆ ಒಂದು ಗಳಿಗೆ ಕಾದರು. ನನ್ನ ದನಿಯಿಲ್ಲ. ಯಂತ್ರವನ್ನು ತೆಗೆದು, ಮೆತ್ತನೆಯ ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿ ಹುಷಾರಾಗಿ ಮಲಗಿಸಿದರು. ಆಮೇಲೆ ಸೆರಗು ಸಡಿಲಿಸಿ, ಚಪ್ಪಲಿ ಬಿಟ್ಟು, ಕಮಾನಿನ ನೆರಳಲ್ಲಿ ಕಾಲು ಚಾಚಿ ಕೂತು, ಬಾಯ್ತುಂಬ ಬಿಸ್ಕೀಟು ತಿಂದು, ಮಿನಾರುಗಳನ್ನು ಮೇಲಿಂದ ಕೆಳಗೆ ನೋಡಿದರು. ಇನ್ನೊಂದು ಬದಿ ಹಚ್ಚಲೇ ಎಂದು ಮಗಳು ಕೇಳಿದರೆ, "ಬ್ಯಾಡವಾ. ಈಗರೆ ಅವರು ಒಂದೀಟು ದಣಿವಾರಿಸಿಕೊಳ್ಳಲಿ" ಎಂದರಂತೆ.

ಸಂಜೆ ಗೇಟಿನ ಸಪ್ಪಳವಾದಾಗ ನಾನು ಆಗತಾನೆ ಎದ್ದು ಕೂತಿದ್ದೆ. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಹೋಗಿರಲಿಲ್ಲ. ಅತ್ತೆ ನನ್ನನ್ನು ಕಂಡದ್ದೇ ಸೆರಗು ಎಳೆದುಕೊಂಡು ಸೀದಾ ಅಡಿಗೆಮನೆಗೆ ಹೋದರು. ನನ್ನ ರವಿವಾರಗಳು ಮುಗಿದವು ಎಂದುಕೊಂಡು ಬಾಗಿಲ ಸಂದಿಗೆ ಕಿವಿಗೊಟ್ಟೆ.

"ಮದಿವಿ ಆಗಿ ಇಷ್ಟು ವರ್ಷ ಆತು, ಅಳಿಯಾರು ನನ್ನ ಕೂಡ ಇಷ್ಟು ಮಾತಾಡಿದ್ದು ಇವತ್ತ ನೋಡವಾ" ಎನ್ನುತ್ತಿದ್ದರು ಅತ್ತೆ. ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ಆ ಕ್ಷಣಕ್ಕೆ ಎದ್ದು ಹೋಗಿ ಅವರ ಕಾಲು ಮುಟ್ಟಬೇಕು ಅನಿಸಿತು. ಅಷ್ಟರಲ್ಲಿ ಅವರೇ ಮುಂದುವರಿಸಿದರು:

"ಪಾಪ, ನಯಾಪುಲ್ ಹಿಡದು ಚಾರ್‌ಮಿನಾರ್ ತನಕ ಒಂದ ಸಮನ ಹೇಳ್ಯಾರ. ಒಂದು ಗುಟುಕು ನೀರು ಕುಡದಿಲ್ಲ. ಗಂಟಲಾ ಒಣಗಿ ಹೋಗಿರತೈತಿ. ನಂದೆಲ್ಲಾ ಆಮ್ಯಾಲ, ಮೊದಲ ಅವರಿಗೆ ಚಹಾ ಮಾಡಿಕೊಡು."

ಹೆಂಡತಿ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ನಾನು ಸಣ್ಣಗೆ ಕೆಮ್ಮಿ, ಶುಂಠಿ ಸ್ವಲ್ಪ ಹೆಚ್ಚಿಗೆ ಹಾಕು ಎಂದೆ.